ಬೆನ್ನ ಹಿಂದೆ ನಿಂತವಳು

ಬಿಜೂರು, ಶನಿವಾರ

ಪ್ರೀತಿಯ ವಿನಯಾ,

ಮೊಣಕೈ ತರಚಿದ್ದು ಬಿಟ್ಟರೆ ನನಗೇನೂ ಆಗಿಲ್ಲ.

ಗಾಳಿ ಕಡಿಮೆಯಿದ್ದಾಗ ನಾಲ್ಕು ದಾರದ ಗಾಳಿಪಟ ಬೀಳದಿರಲು ಹಾರಿಸುವವಳು ಅದನ್ನೇ ನೋಡುತ್ತಾ ಹಿಂದಕ್ಕೆ ನಡೆಯಬೇಕು. ಅವಳ ಬೆನ್ನ ಹಿಂದೆ ನಿಂತವಳು ಅಪಾಯ ಕಂಡರೆ ಕೂಗಬೇಕು. ನಮ್ಮ ಕ್ರಮ ಅದೇ ತಾನೇ? ಇವತ್ತು ಬೆಳಿಗ್ಗೆ ಮರವಂತೆಯ ಮರಳಿನಿಂದ ನಾನು ಹೆದ್ದಾರಿಯ ಡಾಂಬರಿನವರೆಗೂ ಹಾಗೇ ಬಂದೆ. ನೀನು ಕೂಗಲಿಲ್ಲ. ಲಾರಿಯ ಹಾರ್ನ್ ಕೇಳಿ ಮರಳಿಗೆ ಹಾರಿದೆ.

"ಕಾಣ್ಲೇ ಇಲ್ಲೆ ಮಾರಾಯ್ತಿ" ಎಂದು ನೀನು ಆಮೇಲೆ ಹೇಳಿದೆ. ನಿನ್ನ ನೆರಳು ನನ್ನ ಕಾಲ ಬುಡದಲ್ಲೇ ಇತ್ತು.

ಲಾರಿಯ ಸಂಗತಿ ಅಪ್ಪಯ್ಯನಿಗೆ ಹೇಳಿಲ್ಲ. ಪಟದ ಸ್ಪರ್ಧೆಗೆ ನಮ್ಮಿಬ್ಬರಲ್ಲಿ ಒಬ್ಬಳೇ ಹೋಗುವುದೆಂದೂ ಹೇಳಿಲ್ಲ.

ನಾಳೆ ಹಾರಿಸುವ ಸರದಿ ನಿನ್ನದು. ಗಾಳಿ ಇಷ್ಟೇ ಇರುತ್ತದೆ, ತೆಳ್ಳನೆಯ ದಾರ ತಾ. ಹಿಂದೆ ನಾನು ನಿಲ್ಲುತ್ತೇನೆ. ತಿರುಗಿ ನೋಡಬೇಡ, ಪಟ ಬೀಳುತ್ತದೆ.

ನಿನ್ನ ಜೊತೆಗಾತಿ,
ರಮಿತಾ