ಜ್ವರ ಬಂದ ಅಚ್ಚು

ಮೇ ೧೪, ಬುಧವಾರ

ಇವತ್ತಿನ ಜಗಳ ಮೂರು ಮೈಕ್ರಾನ್‌ನದು. ಗ್ರೈಂಡಿಂಗ್ ಯಂತ್ರದಿಂದ ಆಗಷ್ಟೇ ಇಳಿಸಿದ ಉಕ್ಕಿನ ಅಚ್ಚು ಬೇಕಾದ್ದಕ್ಕಿಂತ ಅಷ್ಟು ಹೆಚ್ಚು ದಪ್ಪ ತೋರಿಸಿತು.

“ಇನ್ನೊಮ್ಮೆ ಸವರಿಬಿಡ್ತೀನ್ರಿ ಸರ, ಗಿರಾಕಿ ಬಾಗಿಲದಾಗ ನಿಂತಾರ,” ಎಂದ ಯಂತ್ರ ನಡೆಸುವ ಹುಲಗೇಶ.

“ಮುಟ್ಟಿ ನೋಡೋ, ಜ್ವರ ಐತಿ. ಜ್ವರಕ್ಕ ಯಾರರ ಕತ್ತರಿ ಹಿಡಿತಾರೇನು?” ಎಂದೆ.

ಬಿಸಿಗೆ ಹಿಗ್ಗಿದ್ದನ್ನು ಸವೆಸಿದರೆ ತಣಿದಾಗ ತೆಳುವಾಗಿ ಅಚ್ಚು ಗುಜರಿಗೆ ಹೋಗುತ್ತದೆ. ಅದನ್ನು ಗ್ರಾನೈಟ್ ಮೇಜಿನ ಮೇಲಿಟ್ಟು, ಗೋಡೆಯ ಹಲಗೆಯಲ್ಲಿ ಬರೆದೆ: ಬಿಸಿ ಇಳಿಯಲಿ, ನಿಜ ತಿಳಿಯಲಿ. ಗಿರಾಕಿಯನ್ನು ಇರಾನಿ ಚಹಾಕ್ಕೆ ಕಳಿಸಿದೆ. ಸಂಜೆ ಅಳೆದಾಗ ಸರಿಯಾಗಿತ್ತು. ನನಗೇನೂ ಆಶ್ಚರ್ಯವಾಗಲಿಲ್ಲ.

ಊಟಕ್ಕೆ ಕೂತು ಹೆಂಡತಿ ಸುಮಂಗಲಾಗೆ ಇದನ್ನೇ ಕೊಚ್ಚಿಕೊಳ್ಳುತ್ತ ಕುದಿಯುವ ಸಾರು ಬಾಯಿಗಿಟ್ಟೆ. ನಾಲಿಗೆ ಸುಟ್ಟಿತು.

“ನಿಮ್ಮ ಪ್ರಾಸ ಬರೀ ಕಬ್ಬಿಣಕ್ಕೇನ್ರಿ?” ಎಂದಳು.

ಇನ್ನೂ ಉರಿಯುತ್ತಿದೆ. ನಾಲಿಗೆಯ ಅಳತೆ ನಾಳೆ ನೋಡಿದರಾಯಿತು.