ಹಿಂದಿನ ಸೀಟಿನಿಂದ

ವಿಕ್ಸಮ್,
ಅಕ್ಟೋಬರ್ 14

ಪ್ರೀತಿಯ ಇಂದುಮತಿ ಆಂಟಿಗೆ,

ನಿಮ್ಮ ಮಗಳು ನಿರುಪಮಾ ಅವರು ತೀರಿಕೊಂಡ ಮೇಲೆ ಸಾಕೇತ್ ಮದುವೆಯಾದ ಯಾಮಿನಿ ನಾನು. ಮದುವೆಯಾದ ಈ ಎರಡು ತಿಂಗಳು ಎಷ್ಟು ಖುಷಿಯಾಗಿದ್ದೇನೆಂದರೆ, ನಿಮಗೆ ಬರೆಯಲು ಸಂಕೋಚವಾಗುತ್ತಿತ್ತು.

ಹೋದ ವಾರ ಯೂಟಾದ ಮರುಭೂಮಿಗೆ ಹೋಗಿದ್ದೆವು. ಎಂಥ ಬೆಟ್ಟಗಳು ಆಂಟಿ, ಎಂಥ ಕೆಂಪು! ಸಾಕೇತ್, ನಿರುಪಮಾ ಇಬ್ಬರೂ ಹಿಂದೆ ಮುಂದೆ ಕೂತು ತುಳಿಯುತ್ತಿದ್ದ ಜೋಡಿ ಸೈಕಲ್‌ನಲ್ಲೇ ಡಾಂಬರಿಲ್ಲದ ಬೆಟ್ಟದ ದಾರಿ ಹತ್ತಿದೆವು. ಹಿಂದೆ ಕೂತವರಿಗೆ ರಸ್ತೆ ಕಾಣುವುದಿಲ್ಲ. ಕಲ್ಲು, ಗುಂಡಿ ಬಂದರೆ ಮುಂದಿನವರು ಕೂಗಿ ಹೇಳಬೇಕು. ಇಳಿಜಾರಿನಲ್ಲಿ ಜಲ್ಲಿ ಜಾರತೊಡಗಿದಾಗ ಸಾಕೇತ್, "ನಿರೂ, ಗಟ್ಟಿಯಾಗಿ ಹಿಡ್ಕೊಳೇ!" ಎಂದು ಕೂಗಿದರು. ನಾನು "ಹಿಡ್ಕೊಂಡೆ" ಎಂದೆ. ಬೆಟ್ಟ ಇಳಿಯುವವರೆಗೂ ಅವರು ಅದೇ ಹೆಸರು ಕೂಗಿದರು, ನಾನೂ ಓಗೊಡುತ್ತಲೇ ಇದ್ದೆ.

ಸೈಕಲ್ ನಿಲ್ಲಿಸಿದ ಮೇಲೆ ಅವರಿಗೆ ಹೊಳೆಯಿತು. ದೂಳಿನಲ್ಲೇ ಕೂತು ಅತ್ತುಬಿಟ್ಟರು. "ಮತ್ತೆ ಮದ್ವೆ ಆಗಿ ಅಮ್ಮಂಗೆ ಯಾವ ಮುಖ ತೋರಿಸ್ಲಿ?" ಎಂದರು. ಅಮ್ಮ ಎಂದದ್ದು ನಿಮ್ಮನ್ನು, ಆಂಟಿ. ಭಾನುವಾರ ಬಂದರೆ ನಿಮ್ಮ ನಂಬರ್ ತೆಗೆದು ನೋಡುತ್ತಾರೆ, ಫೋನ್ ಮಾತ್ರ ಮಾಡುವುದಿಲ್ಲ.

ಶನಿವಾರ ನಾನೇ ಡ್ರೈವ್ ಮಾಡಿಕೊಂಡು ಅವರನ್ನು ವೆಸ್ಟ್‌ಮಂಟ್‌ನ ನಿಮ್ಮ ಮನೆಗೆ ಕರೆತರಲೇ? ಅವರಿಗೆ ಇನ್ನೂ ಹೇಳಿಲ್ಲ. ನನ್ನನ್ನು ನೋಡುವುದು ಕಷ್ಟವೆನಿಸಿದರೆ ಮುಚ್ಚುಮರೆಯಿಲ್ಲದೆ ತಿಳಿಸಿ, ನಾನು ಕಾರಿನಲ್ಲೇ ಕೂತಿರುತ್ತೇನೆ. ಅವರನ್ನು ಮಾತ್ರ ಒಳಗೆ ಕರೆದು ಊಟ ಬಡಿಸಿ.

ನಿಮ್ಮನ್ನು ಇನ್ನೂ ನೋಡಿರದ,
ಯಾಮಿನಿ