ಹೆಸರು ಸತ್ತ ಗಾಡಿ

11 ನವೆಂಬರ್ 1997, ಹುಮನಾಬಾದ್. ಬೆಳಿಗ್ಗೆ

ಗಾಡಿಯ ರೇಡಿಯೇಟರಿಗೆ ನೀರು ಹಾಕಿದೆ. ಅರ್ಧ ಕೊಡ ಕುಡಿಯಿತು. ಚೋಕ್ ಎಳೆದು ಚಾವಿ ತಿರುಗಿಸಿದರೆ ಕೆಮ್ಮು, ಆಮೇಲೆ ಕಪ್ಪು ಹೊಗೆ, ಆಮೇಲೆ ಸರಿ. ನನ್ನ ಬೆಳಗೂ ಈಗ ಹಾಗೆಯೇ.

ಮಗಳು ಜಯಮಾಲಾ ಚಿಟಗುಪ್ಪದ ಬಸ್ಸಿಗೆ ಹೋದಳು. ಅಲ್ಲಿನ ಶಾಲೆಯಲ್ಲಿ ಗಣಿತ ಕಲಿಸುತ್ತಾಳೆ. ನಮ್ಮ ಡಟ್ಸನ್ ಕಾರು ಒಯ್ಯಿ ಎಂದೆ. ‘ಮಕ್ಕಳು ದೂಡಾಕ ಬರ್ತಾರ, ಪಾಠ ನಿಲ್ತದ’ ಎಂದಳು. ನನಗಿಂತ ಚೆನ್ನಾಗಿ ಓಡಿಸುತ್ತಾಳೆ. ನನ್ನ ಅಣ್ಣ ಬದುಕಿದ್ದಾಗ ಕಲಿಸಿಹೋದ.

ಗೊಬ್ಬರದ ಅಂಗಡಿಯವರು ಮಗನ ಮದುವೆಗೆ ಗಾಡಿ ಕೇಳಿಕೊಂಡು ಬಂದಿದ್ದರು. ಕೊಟ್ಟೆ. ಈ ಊರಿನಲ್ಲಿ ಇಪ್ಪತ್ತೈದು ವರ್ಷದಿಂದ ಮದುಮಗನ ಮೆರವಣಿಗೆ ಇದರಲ್ಲೇ. ಬಾಡಿಗೆ ಇಲ್ಲ. ಜಾತಿ ಕೇಳುವುದಿಲ್ಲ. ಕೇಳಿದ ಎಲ್ಲರಿಗೂ. ಕೋರ್ಟಿನ ಕೆಲಸ ಬಿಟ್ಟ ಮೇಲೆ ನನ್ನ ಹತ್ತಿರ ಉಳಿದಿರುವ ಸಾರ್ವಜನಿಕ ಸೇವೆ ಇದೊಂದೇ. ಇನ್ನೊಂದು, ಪತ್ರಿಕೆಗಳಿಗೆ ಪತ್ರ.

3 ಡಿಸೆಂಬರ್

ಬಸವಕಲ್ಯಾಣದಿಂದ ಹೆಣ್ಣು ನೋಡಲು ಬಂದು ಹೋದರು. ಬಸವಣಪ್ಪ, ತೊಗರಿ ವ್ಯಾಪಾರ, ಎರಡು ಲಾರಿ. ಮಗ ಧನರಾಜ, ಬಿ.ಕಾಂ. ಮಾತು ಕಡಿಮೆ. ಹುಡುಗಿ ಒಪ್ಪಿಗೆ ಅಂದರು. ಜಯಮಾಲಾ ‘ಕೆಟ್ಟಂವ ಕಾಣಂಗಿಲ್ಲ’ ಎಂದಳು. ಇಪ್ಪತ್ತಾರು ತುಂಬಿದೆ ಅವಳಿಗೆ. ಎರಡು ಸಂಬಂಧ ನನ್ನ ಬಾಯಿಂದಲೇ ತಪ್ಪಿದವು. ವರದಕ್ಷಿಣೆ ಎಂಬ ಶಬ್ದ ಕಿವಿಗೆ ಬಿದ್ದ ಕೂಡಲೇ ಎದ್ದು ನಿಂತು ಕಾನೂನು ಹೇಳಿಬಿಟ್ಟಿದ್ದೆ.

ಇವರು ಆ ಮಾತು ಎತ್ತಲಿಲ್ಲ. ಹೆಂಡತಿ ವಿದ್ಯಾವತಿ ಸಂಜೆ ತಾನಾಗಿಯೇ ಹೋಳಿಗೆ ಮಾಡಿದಳು.

18 ಜನವರಿ 1998, ರವಿವಾರ. ಸಂಜೆ

ತಲೆ ಸಿಡಿಯುತ್ತಿದೆ. ನಡೆದಂತೆ ಬರೆದಿಡುತ್ತೇನೆ.

ಲಗ್ನದ ದಿನ ಗೊತ್ತು ಮಾಡಲು ಬಸವಣಪ್ಪ, ಅವರ ಹೆಂಡತಿ ಮಾಣಿಕಮ್ಮ, ಧನರಾಜ ಮೂವರೂ ಬಂದರು. ಚಹಾ, ಚೂಡಾ. ಎಲ್ಲ ಸುಸೂತ್ರ. ಬೇವಿನ ನೆರಳಿನಲ್ಲಿ ನಿಂತಿದ್ದ ಗಾಡಿ ತೋರಿಸಿ, ಅಳಿಯಂದಿರ ಮೆರವಣಿಗೆ ಇದರಲ್ಲೇ ಎಂದೆ.

‘ಯಾವ ಕಂಪನಿರಿ ವಕೀಲರ ಇದು?’ ಎಂದು ಬಸವಣಪ್ಪ ಕೇಳಿದರು. ಕೇಳಬಾರದಿತ್ತು.

ಹೇಳುತ್ತ ಹೋದೆ. ನಾನು ನಿಜಾಮರ ಕಾಲದ ಶಾಲೆಯಲ್ಲಿದ್ದಾಗ ‘ಜಪಾನಿ ಮಾಲು’ ಅಂದರೆ ಬೈಗುಳ. ಜಾತ್ರೆಯಲ್ಲಿ ಕೊಂಡ ತಗಡಿನ ಇಲಿ ಮನೆ ಮುಟ್ಟುವುದರೊಳಗೆ ಮುರಿದರೆ, ಜಪಾನಿ. ಎಪ್ಪತ್ತೆರಡರಲ್ಲಿ ಅಣ್ಣ ಮುಂಬೈಯ ಹರಾಜಿನಲ್ಲಿ ಈ ಗಾಡಿ ಹಿಡಿದು ತಂದಾಗ ಊರೇ ನಕ್ಕಿತ್ತು. ಅಂಬಾಸಿಡರ್ ಇಟ್ಟುಕೊಂಡ ಡಾಕ್ಟರರು ಬಾನೆಟ್ಟಿನ ಮೇಲೆ ಬೆರಳಿನಿಂದ ಬಡಿದು ‘ಡಾಲ್ಡಾ ಡಬ್ಬಾ’ ಎಂದಿದ್ದರು. ಆ ಡಬ್ಬಿಯ ಅಣ್ಣತಮ್ಮಂದಿರು ಆಫ್ರಿಕಾದ ಕೆಸರಿನ ರ‍್ಯಾಲಿ ಗೆದ್ದವು. ಬಡವರ ಗಾಡಿ ಎಂದು ಮೂಗು ಮುರಿದ ಅಮೆರಿಕದವರು, ಪೆಟ್ರೋಲು ಸಿಗದ ವರ್ಷ ಇದೇ ಗಾಡಿಗೆ ಸಾಲು ನಿಂತರು. ಈಗ ದುಬೈಯಿಂದ ಬಂದವರು ಟೇಪ್‌ರೆಕಾರ್ಡರ್ ತಿರುಗಿಸಿ ‘ಮೇಡ್ ಇನ್ ಜಪಾನ್’ ಎಂದು ತೋರಿಸುತ್ತಾರೆ. ಊರಿಗೆ ನೆನಪಿಲ್ಲ. ನನಗಿದೆ.

ಮೂರು ಬಂಡವಾಳಗಾರರ ಹೆಸರಿನ ಮೊದಲಕ್ಷರ ಕೂಡಿ ಡಿ-ಎ-ಟಿ ಆದದ್ದು ಹೇಳಿದೆ. ಆ ಡ್ಯಾಟ್‌ನ ಮಗ ಎಂದು ಮೊದಲು ‘ಡ್ಯಾಟ್‌ಸನ್’ ಇಟ್ಟರು, ಅವರ ಬಾಯಲ್ಲಿ ಅದು ‘ಸೊನ್’, ನಷ್ಟ ಎಂದು ಕೇಳಿಸುತ್ತದಂತೆ, ಹಾಗಾಗಿ ಮಗನ ‘ಸನ್’ ಬಿಟ್ಟು ಸೂರ್ಯನ ‘ಸನ್’ ಸ್ಪೆಲ್ಲಿಂಗಿಗೆ ಬದಲಿಸಿದರು ಎಂದೂ ಹೇಳಿದೆ.

‘ಈಗ ಇದರ ಶೋರೂಮ್ ಎಲ್ಲಿ ಅದರಿ?’

‘ಎಲ್ಲೂ ಇಲ್ಲ. ಎಂಬತ್ತಾರರಲ್ಲಿ ಕಂಪನಿಯವರೇ ಈ ಹೆಸರು ನಿಲ್ಲಿಸಿದರು. ಈಗ ನಿಸ್ಸಾನ್ ಅಂತ ಮಾರುತ್ತಾರೆ.’

ಮಾಣಿಕಮ್ಮ ಕಪ್ಪು ಕೆಳಗಿಟ್ಟರು. ‘ಅಂದ್ರ ಇದರ ಹೆಸರು ಸತ್ತಾದ?’

‘ಸತ್ತಿಲ್ಲರಿ. ಬಿಟ್ಟಾರ.’

‘ಒಂದೇ ಆತಲ್ರಿ ಬೀಗರ. ಸತ್ತ ಹೆಸರಿನ ಗಾಡ್ಯಾಗ ನನ್ನ ಮಗನ್ನ ಬಾಸಿಂಗ ಕಟ್ಟಿ ಕೂಡಸಬೇಕಾ?’

ಇಲ್ಲಿಗೆ ಸುಮ್ಮನಿರಬಹುದಿತ್ತು. ಶರಣರ ಊರಿನಿಂದ ಬಂದು ಶಕುನ ಕೇಳುತ್ತೀರಾ ಎಂದೆ. ಕಲ್ಯಾಣದಲ್ಲಿ ಎಂಟು ನೂರು ವರ್ಷದ ಹಿಂದೆಯೇ ಮುಗಿದ ಮಾತಲ್ಲವೇ ಇದು ಎಂದೆ. ಬಸವಣಪ್ಪ ನಕ್ಕರು. ‘ಸಿಟ್ಟಿಗೇಳಬ್ಯಾಡ್ರಿ. ನಷ್ಟ ಅನಸ್ತದಂತ ಜಪಾನಿನವರೇ ಹೆಸರು ಬದಲಿ ಮಾಡ್ಯಾರ ಅಂತ ಈಗ ನೀವೇ ಹೇಳಿದ್ರಿ. ಅವರು ನೋಡಬಹುದು, ನಾವು ನೋಡಬಾರದಾ?’

ಅವರ ಕಪ್ಪಿಗೆ ಇನ್ನಷ್ಟು ಚಹಾ ಬಗ್ಗಿಸಿದೆ. ಕೋರ್ಟಿನಲ್ಲಿ ಮೂವತ್ತು ವರ್ಷ ನಿಂತವನು.

ಆಮೇಲೆ ಅವರು ಮೆಲ್ಲಗೆ: ‘ಒಂದು ಹೊಸಾ ಮಾರುತಿ ಬಂದು ನಿಂತ್ರ ಈ ಮಾತೇ ಬರಂಗಿಲ್ಲ. ನಮಗೇನೂ ಬ್ಯಾಡ್ರಿ. ಮದುವಿ ಆದ ಮ್ಯಾಲ ಅದು ನಿಮ್ಮ ಮಗಳ ಮನಿ ಮುಂದೇ ನಿಲ್ತದ. ಯಾರದಾತು? ನಿಮ್ಮ ಮಗಳದೇ.’

ಧನರಾಜ ಚೂಡಾದಲ್ಲಿನ ಶೇಂಗಾ ಆರಿಸಿ ತಿನ್ನುತ್ತಿದ್ದ.

ಆ ಮಾರುತಿಯ ಎಂಜಿನ್ನೂ ಜಪಾನಿನದೇ. ಹೇಳಲಿಲ್ಲ. ಸಾಕಾಗಿತ್ತು.

19 ಜನವರಿ

ವಿದ್ಯಾವತಿ ಊಟಕ್ಕೆ ಬಡಿಸುವಾಗ ಒಂದೇ ಸಲ: ‘ನಿಮ್ಮ ಪತ್ರ ಪೇಪರಿನ್ಯಾಗ ಬರ್ತಾವ. ಮಗಳ ಲಗ್ನ ಪೇಪರಿನ್ಯಾಗ ಆಗಂಗಿಲ್ಲ. ಹುಟ್ಟಿದ್ದು, ಬೆಳದದ್ದು, ಹೆಸರು ಬಿಟ್ಟದ್ದು — ಎಲ್ಲಾ ಹೇಳಬೇಕಿತ್ತಾ? ಜಪಾನ್ ಗಾಡಿ ಅಂದು ಬಾಯಿ ಮುಚ್ಚಿದ್ರ ಮುಗೀತಿತ್ತು.’

ಸರಿಯಾಗಿಯೇ ಇತ್ತು. ಸಾರು ಉಪ್ಪಾಗಿತ್ತು. ಎರಡನೇ ಸಲ ಹಾಕಿಸಿಕೊಂಡೆ.

2 ಫೆಬ್ರುವರಿ

ಸೋತೆ. ಇಲ್ಲಿಯಾದರೂ ನೇರವಾಗಿ ಬರೆಯಬೇಕು. ಅಂಚೆ ಕಚೇರಿಯ ಹಿಂದಿನ ನಿವೇಶನ ಮಾರಿ ಮಾರುತಿ ಕೊಡಿಸುವುದೆಂದು ನಿರ್ಧರಿಸಿದೆ. ವರದಕ್ಷಿಣೆ ಕೊಡುವವನೂ ಅಪರಾಧಿ ಎಂದು ಬರೆದವನು. ಅದು ಪತ್ರಿಕೆಯಲ್ಲಿ ಅಚ್ಚಾಗಿದೆ, ಹೆಸರು ಸಮೇತ.

ಡಟ್ಸನ್ ಬಾಗಿಲಲ್ಲಿ ಇರಬಾರದು ಎಂದು ಮಾಣಿಕಮ್ಮ ಹೇಳಿ ಕಳಿಸಿದ್ದಾರೆ. ಬಸವಕಲ್ಯಾಣಕ್ಕೆ ಓಡಿಸಿಕೊಂಡು ಹೋಗಿ ಬಂದೇನವಾಜನ ಶೆಡ್ಡಿನಲ್ಲಿ ನಿಲ್ಲಿಸಿದೆ. ಲಾರಿ ಬಿಚ್ಚಿ ಕಟ್ಟುವವನು. ಈ ಗಾಡಿಯ ಅರ್ಧ ಭಾಗ ಅವನದೇ ಸೃಷ್ಟಿ. ನೀರಿನ ಪೈಪು ಟ್ರ್ಯಾಕ್ಟರಿನದು, ಹಾರ್ನು ಲಾರಿಯದು. ಮಾರಿಬಿಡು ಎಂದೆ. ಇಡಿಯಾಗಿ ಹೋಗದಿದ್ದರೆ ಬಿಚ್ಚಿ.

ಕಾರಣ ಕೇಳಿದ. ಹೇಳಿದೆ. ಹೊಟ್ಟೆ ಹಿಡಿದುಕೊಂಡು ನಕ್ಕ.

‘ವಕೀಲ ಸಾಬ್, ಬಸವಣಪ್ಪ ಸೇಠ್‌ರ ಎರಡೂ ಲಾರಿ ನನ್ನ ಕೈಯಾಗ ಹುಟ್ಯಾವ. ಒಂದು ಝಹೀರಾಬಾದ್ ಘಾಟಿನ್ಯಾಗ ಬಿದ್ದು ಸತ್ತಿತ್ತು, ಇನ್ನೊಂದು ಸುಟ್ಟಿತ್ತು. ಎರಡಕ್ಕೂ ಬಣ್ಣ ಹೊಡದೆ, ಹಣೀ ಮ್ಯಾಲ ಮಗನ ಹೆಸರು ಬರದೆ. ಸತ್ತದ್ದರ ಮ್ಯಾಲೇ ಆ ಮನಿ ಊಟ ಮಾಡ್ತದ! ನಿಮ್ಮ ಗಾಡೀಗೂ ಬೇಕಂದ್ರ ಹೊಸಾ ಹೆಸರು ಹಚ್ಚಿ ಕೊಡ್ತೀನಿ. ಯಾವುದು ಬೇಕು ಹೇಳ್ರಿ.’

ಬೇಡ ಎಂದೆ. ಸುಳ್ಳು ಹೆಸರು ಹಚ್ಚಿಕೊಂಡು ಇದು ನಮ್ಮೂರಿನ ಹನುಮಪ್ಪನ ಗುಡಿ ಮುಂದೆ ಹಾಯಬಾರದು. ಅಷ್ಟು ಹಟ ಇನ್ನೂ ಉಳಿದಿತ್ತು.

ಬಸ್ಸಿನಲ್ಲಿ ವಾಪಸು. ಹೆದ್ದಾರಿ ಸೇರುವ ಸಾಸ್ತಾಪುರ ಬಂಗ್ಲಾ ದಾಟುವತನಕ ಸೀಟಿಲ್ಲದೆ ನಿಂತೇ.

8 ಫೆಬ್ರುವರಿ

ಗಾಡಿ ಎಲ್ಲಿ ಎಂದಳು ಜಯಮಾಲಾ. ರಿಪೇರಿಗೆ ಎಂದೆ. ನನ್ನ ಮುಖ ನೋಡಿದಳು. ಬೇವಿನ ಕೆಳಗೆ ಎಣ್ಣೆಯ ಕಪ್ಪು ಕಲೆ ಹಾಗೇ ಇದೆ. ನಾಯಿ ಅದರ ಪಕ್ಕ ಮಲಗುತ್ತದೆ.

14 ಫೆಬ್ರುವರಿ. ಸಂಜೆ ಆರು

ಜಯಮಾಲಾ ಶಾಲೆಗೆ ಹೋಗಿಲ್ಲ. ತಾಯಿಯನ್ನು ಕೇಳಿ ಎಲ್ಲ ತಿಳಿದುಕೊಂಡು ಬಸವಕಲ್ಯಾಣಕ್ಕೆ ಹೋಗಿದ್ದಾಳೆ. ವಿದ್ಯಾವತಿ ಈಗ ಹೇಳಿದಳು. ಈಗ!

ಏಳೂವರೆ

ಬಂದಳು. ಬಂದ ರೀತಿ ಬರೆಯದೆ ಇರಲಾರೆ. ಮುಂದೆ ಒಂದು ಲಾರಿ, ಹಿಂದೆ ಹಗ್ಗ, ಹಗ್ಗದ ತುದಿಗೆ ಡಟ್ಸನ್, ಅದರಲ್ಲಿ ನನ್ನ ಮಗಳು ಸ್ಟೇರಿಂಗ್ ಹಿಡಿದು. ದಾರಿಯಲ್ಲಿ ರಾಜೇಶ್ವರದ ಹತ್ತಿರ ಎಂಜಿನ್ ಕಾದು ನಿಂತಿತಂತೆ. ಹಿಂದಿನಿಂದ ಬಂದ ಲಾರಿಯವನು ಪಾಪ ಅಂತ ಎಳೆದುಕೊಂಡು ಬಂದ. ಲಾರಿಯ ಹಣೆಯ ಮೇಲೆ ದಪ್ಪ ಅಕ್ಷರ: ‘ಧನರಾಜ’. ಅವರದೇ ಲಾರಿ. ಡ್ರೈವರನಿಗೆ ಏನೂ ಗೊತ್ತಿಲ್ಲ. ‘ಅಕ್ಕೋರು ಭಾಳ ಛಲೋ ಹೊಡೀತಾರ್ರಿ’ ಎಂದ. ವಿದ್ಯಾವತಿ ಅವನಿಗೆ ಚಹಾ ಕೊಟ್ಟಳು. ನಾನು ಹಗ್ಗದ ಗಂಟು ಬಿಚ್ಚುತ್ತಿದ್ದೆ.

ಅವನು ಹೋದ ಮೇಲೆ ಕೇಳಿದೆ.

‘ಮೊದಲು ಅವರ ಮನಿಗೆ ಹೋದೆ. ಮುಂದಿನ ಖೋಲ್ಯಾಗ ಅವರೊಬ್ಬರೇ ಇದ್ರು’ ಎಂದಳು. ಅವರು ಅಂದರೆ ಧನರಾಜ. ‘ನಿಮಗ ಮಾರುತಿ ಬೇಕಾ ಅಂದೆ. ನಮ್ಮಪ್ಪ ಹೇಳ್ಯಾರ ಅಂದ್ರು. ನಿಮಗ ಬೇಕಾ ಅಂತ ಮತ್ತ ಕೇಳಿದೆ.’

‘ಏನಂದ?’

‘ಅಪ್ಪಗ ಕೇಳಿ ಹೇಳ್ತೀನಿ ಅಂದ್ರು. ಅಷ್ಟಕ್ಕ ನಾ ಎದ್ದೆ.’ ಚಾವಿಯನ್ನು ಮೊಳೆಗೆ ತೂಗುಹಾಕಿ, ‘ಬೈದಿದ್ರ ಕುಂಡ್ರತಿದ್ದೆ ಏನೋ’ ಎಂದಳು.

ಬಂದೇನವಾಜ್ ಗಾಡಿಯ ಒಂದು ಬೋಲ್ಟೂ ಬಿಚ್ಚಿರಲಿಲ್ಲ. ಯಾರಾದರೂ ಬರುತ್ತಾರೆಂದು ಗೊತ್ತಿತ್ತಂತೆ. ‘ನೀವು ಬರ್ತೀರಂತ ಅಂದ್ಕೊಂಡಿದ್ನಂತ ಅಪ್ಪಾ.’

ಅದನ್ನು ಹೇಳುವಾಗ ಅವಳು ನನ್ನ ಕಡೆ ನೋಡಲಿಲ್ಲ. ನೋಡದೆ ಇದ್ದದ್ದು ಉಪಕಾರ.

27 ಏಪ್ರಿಲ್

ಎರಡು ತಿಂಗಳು ಬರೆದಿಲ್ಲ. ಬರೆಯುವಂಥದ್ದು ಏನೂ ಆಗಲಿಲ್ಲ, ಅದೇ ಆದದ್ದು.

ಮದುವೆಗಳ ಸುಗ್ಗಿ, ಲಗ್ನಸರಾಯಿ ಭರದಲ್ಲಿದೆ. ದಿನಾ ಎಲ್ಲೋ ಬ್ಯಾಂಡಿನ ಸದ್ದು. ಒಬ್ಬರೂ ಗಾಡಿ ಕೇಳಿಕೊಂಡು ಬಂದಿಲ್ಲ. ಮಾಣಿಕಮ್ಮನ ಮಾತು ಹೆದ್ದಾರಿಯಲ್ಲಿ ನನ್ನ ಮಗಳಿಗಿಂತ ಬೇಗ ಹುಮನಾಬಾದ್ ಮುಟ್ಟಿತು. ಸತ್ತ ಹೆಸರಿನ ಗಾಡಿ. ಸಾಕ್ಷಿಯೂ ಇದೆಯಲ್ಲ — ವಕೀಲರ ಮಗಳ ಲಗ್ನ ಮುರಿದಿಲ್ಲವೇ? ಇದರಲ್ಲೇ ಮೆರವಣಿಗೆ ಹೋಗಿ ಈಗ ಮೊಮ್ಮಕ್ಕಳನ್ನು ಕಂಡವರು ಗಾಡಿ ಕಂಡರೆ ರಸ್ತೆಯ ಆ ಬದಿಗೆ ಸರಿಯುತ್ತಾರೆ.

‘ಡಬ್ಬಾ’ ಎಂದಾಗ ಜಗಳ ಮಾಡಬಹುದಿತ್ತು. ಆಫ್ರಿಕಾ ತೋರಿಸಬಹುದಿತ್ತು. ಇದಕ್ಕೆ ಏನು ತೋರಿಸುವುದು? ಪತ್ರ ಬರೆಯಲು ಕುಳಿತೆ. ಸಂಪಾದಕರಿಗೆ, ಎಂದು ಬರೆದು ಪೆನ್ನು ಮುಚ್ಚಿದೆ.

10 ಮೇ

ದುಬಲಗುಂಡಿಯಿಂದ ಶೇವಂತಾಬಾಯಿ ಬಂದಿದ್ದಳು. ಕೂಲಿ ಮಾಡುವವಳು, ನಮ್ಮ ಹೊಲದಲ್ಲಿ ಕಳೆ ತೆಗೆದದ್ದುಂಟು. ಕಟ್ಟೆಯ ಕೆಳಗೆ ಕುಳಿತಳು. ಮೇಲೆ ಬಾ ಎಂದರೂ ಅಲ್ಲೇ. ಮಗ ಸಂಜುಕುಮಾರನ ಮದುವೆ.

‘ನಿಮ್ಮ ಗಾಡಿ ಈಗ ಯಾರೂ ಒಯ್ಯಲ್ಲಂತಲ್ರಿ ಸಾಬ್ರ?’

ಹೌದು ಎಂದೆ.

‘ನಮಗ ಕೊಡ್ತೀರೇನ್ರಿ?’

ಕೊಡುತ್ತೇನೆ ಎಂದೆ. ಆಮೇಲೆ ತಡೆಯಲಾರದೆ ಕೇಳಿದೆ — ಇಷ್ಟು ವರ್ಷ ಎಲ್ಲರಿಗೂ ಕೊಡುತ್ತಿದ್ದೆನಲ್ಲ, ನಿಮ್ಮ ಓಣಿಯವರು ಯಾಕೆ ಕೇಳಲಿಲ್ಲ? ಇಲ್ಲ ಅನ್ನುತ್ತೇನೆ ಅಂತ ಅಂಜಿದಿರಾ?

‘ಅಯ್ಯ, ಇಲ್ರಿ. ಹೂಂ ಅಂದೀರಿ ಅಂತ ಅಂಜಿಕಿ. ನೀವು ಕೊಟ್ಟು ಹುಮನಾಬಾದಿಗೆ ಹೋಗ್ತೀರಿ. ಗಾಡ್ಯಾಗ ಕುಂತ ಹುಡುಗ ಮರುದಿನ ಅದೇ ಊರಾಗ ಕೂಲಿಗೆ ಹೋಗಬೇಕಲ್ರಿ. ನಮ್ಮ ಹುಡುಗ್ರು ಚಾವಡಿ ಮುಂದ ನಡದೇ ಹೋಗೋದು ರೀ.’

‘ಮತ್ತ ಈಗ?’ ವಿದ್ಯಾವತಿ ಬಾಗಿಲಿನಿಂದ ಕೇಳಿದಳು.

‘ಈಗ ಯಾರಿಗೂ ಬ್ಯಾಡಾದ ಗಾಡಿ ಅಲ್ರಿ ಅಕ್ಕೋರ. ಅವರು ಬ್ಯಾಡಂತ ಬಿಟ್ಟದ್ದು ನಾವು ಒಯ್ದರ ಯಾರ ಹೊಟ್ಟಿ ಉರೀತದ? ಸತ್ತದ್ದಕ್ಕ ನಾವ್ಯಾಕ ಅಂಜೋಣು. ಊರಾಗ ಸತ್ತದ್ದು ಹೊರೋದು ನಾವೇ ಅಲ್ಲೇನ್ರಿ?’ ಎಂದು ನಕ್ಕಳು.

ನಾನು ನಗಲಿಲ್ಲ. ‘ಕೇಳಿದ ಎಲ್ಲರಿಗೂ’ ಎಂದು ಈ ದಿನಚರಿಯಲ್ಲೇ ಎಷ್ಟು ಸಲ ಬರೆದಿದ್ದೇನೆ.

24 ಮೇ. ಬೆಳಿಗ್ಗೆ

ಇವತ್ತು ಸಂಜುಕುಮಾರನ ಮೆರವಣಿಗೆ, ಗಾಡಿ ಜಯಮಾಲಾ ಹೊಡೆಯುತ್ತಾಳೆ. ಬಂದೇನವಾಜ್ ನಿನ್ನೆ ಬಂದು ಎಂಜಿನ್, ಬ್ರೇಕ್ ಎಲ್ಲ ನೋಡಿ ಹೋದ. ಇಷ್ಟು ಚೆನ್ನಾಗಿ ಎಂದೂ ಇರಲಿಲ್ಲವಂತೆ. ಮುಂದಿನ ಡಟ್ಸನ್ ಅಕ್ಷರಗಳನ್ನು ಜಯಮಾಲಾ ಹುಣಸೆಹಣ್ಣಿನಿಂದ ತಿಕ್ಕಿದ್ದಾಳೆ. ದೇವರ ಮುಂದಿನ ದೀಪದ ಸಮೆಯ ಹಾಗೆ ಹೊಳೆಯುತ್ತಿವೆ. ವಿದ್ಯಾವತಿ ಬಾನೆಟ್ಟಿಗೆ ಕುಂಕುಮ ಹಚ್ಚಿದಳು. ಬೇಡ ಅನ್ನಲಿಲ್ಲ.

ಈಗ ದುಬಲಗುಂಡಿಯ ಹಿರಿಯರು ಒಬ್ಬನನ್ನು ಮೋಟರ್‌ಸೈಕಲ್ ಮೇಲೆ ಕಳಿಸಿದ್ದಾರೆ. ವಿನಯದಿಂದಲೇ ಹೇಳಿದ. ಗಾಡಿ ಬರಲಿ, ಬೇಡ ಅನ್ನುವುದಿಲ್ಲ. ಚಾವಡಿಗಿಂತ ಮೊದಲು ಬಾವಿಯ ಹತ್ತಿರ ನಿಲ್ಲಿಸಿ ಹುಡುಗನನ್ನು ಇಳಿಸಿದರೆ ಸಾಕು. ಪದ್ಧತಿ. ಹಾಗಾದರೆ ಶೇವಂತಾಬಾಯಿಯ ಲೆಕ್ಕವೂ ತಪ್ಪು. ಬೇಡವಾದ ಗಾಡಿಗೂ ಹೊಟ್ಟೆ ಉರಿಯುತ್ತದೆ.

ಅವಳಿಗೆ ತಿಳಿಸಿದ್ದೀರಾ ಎಂದೆ. ತಿಳಿಸಿದ್ದಾರೆ. ಏನಂದಳು? ‘ಗಾಡಿ ಹೊಡೆಯೋರಿಗೆ ಕೇಳ್ರಿ ಅಂದಾಳ್ರಿ.’

ಬಾಯಿಗೆ ಸಂವಿಧಾನ ಬಂತು. ಕಲಂ ಸಮೇತ ಬಂತು. ಅಷ್ಟರಲ್ಲಿ ಜಯಮಾಲಾ ಬೆರಳಿನಲ್ಲಿ ಚಾವಿ ತಿರುಗಿಸುತ್ತ ಹೊರಗೆ ಬಂದಳು.

‘ನಿಲ್ಲಸಬೇಕಂತ ನಮಗೂ ಆಸೆ ಅದರಿ ಅಣ್ಣಾರ. ಏನ್ ಮಾಡೋದು, ಹಳೇ ಗಾಡಿ. ಚಾವಡಿ ದಾಟೋ ತನಕ ಬ್ರೇಕ್ ಹಿಡಿಯಂಗಿಲ್ಲ. ಹಿರಿಯರಿಗೆ ಸ್ವಲ್ಪ ಕಟ್ಟಿ ಮ್ಯಾಲೇ ಕುಂಡ್ರಾಕ ಹೇಳ್ರಿ.’

ಅವನು ನನ್ನ ಕಡೆ ನೋಡಿದ. ಹೌದಪ್ಪ, ಜಪಾನಿ ಮಾಲು ಎಂದೆ.

ಹೋದ. ಅವನು ಮುಟ್ಟುವುದರೊಳಗೆ ನಾವು ಹೊರಡಬೇಕು. ಇಬ್ಬರೂ ಹೆದರಿದ್ದೇವೆ, ಒಬ್ಬರಿಗೊಬ್ಬರು ಹೇಳಿಲ್ಲ. ಹಿಂದಿನ ಸೀಟು ಮದುಮಗನಿಗೆ. ಮುಂದೆ ಅವಳ ಪಕ್ಕ ನಾನು. ಹಾರ್ನ್ ಹೊಡೆಯುತ್ತಿದ್ದಾಳೆ, ಲಾರಿಯದು, ಓಣಿಯೆಲ್ಲ ಬಾಗಿಲಿಗೆ ಬಂದಿದೆ. ಕನ್ನಡಕ ಎಲ್ಲಿ —